ಸೌಹಾರ್ದಕ್ಕೂ ದಾಖಲೆ ಬೇಕು

ಹಾಸನ ಜಿಲ್ಲೆಯ ಬೇಲೂರಿನಲ್ಲಿ ಪ್ರತಿ ವರ್ಷ ಚೈತ್ರ ಮಾಸದಲ್ಲಿ ಚೆನ್ನಕೇಶವ ಸ್ವಾಮಿಯ ರಥೋತ್ಸವ ನಡೆಯುತ್ತದೆ. ಆ ಸಂದರ್ಭದಲ್ಲಿ ಸಮೀಪದ ದೊಡ್ಡಮೇದೂರಿನ ಖಾಜಿ ಬಂದು ಕುರ್‌ಆನಿನ ಸೂಕ್ತಗಳನ್ನು ಪಠಿಸುವುದು, ಬಳಿಕ ರಥ ಚಲಿಸುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಊರಿನವರಿಗೆ ಅದೊಂದು ವಿಶೇಷವೇ ಆಗಿರಲಿಲ್ಲ. ಬಡಗಿ ಬಂದು ಚಕ್ರ ನೋಡಿದಂತೆ, ಅರ್ಚಕರು ಬಂದು ಮಂಗಳಾರತಿ ಎತ್ತಿದಂತೆ ಖಾಜಿಯವರೂ ಬಂದು ತಮ್ಮ ಪಾಲಿನ ಕೆಲಸ ಮುಗಿಸಿ ಹೋಗುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಈ ರೂಢಿಗೆ ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ಆಕ್ಷೇಪ ಬಂತು. ಆಗ ಧಾರ್ಮಿಕ ದತ್ತಿ ಇಲಾಖೆಯು ರೂಢಿಯನ್ನು ಮುಂದುವರಿಸಲು ಅವಕಾಶ ನೀಡಿತು. 2023ರಲ್ಲಿ ಆಕ್ಷೇಪ ಇನ್ನಷ್ಟು ಬಲವಾಯಿತು. ಪ್ರತಿಭಟನೆ ನಡೆಯಿತು. ಇಲಾಖೆಯು ಆಗಮ ಪಂಡಿತರೊಬ್ಬರನ್ನು ಬೇಲೂರಿಗೆ ಕಳುಹಿಸಿ ಅಭಿಪ್ರಾಯ ಸಂಗ್ರಹಿಸಿತು. ಪಠಣದ ಸ್ಥಳ ಯಾವುದು, ರೀತಿ ಯಾವುದು ಎಂಬುದೆಲ್ಲ ತಕರಾರಿನ ವಿಷಯವಾಯಿತು.

ಈ ಗದ್ದಲದ ನಡುವೆ ನಮ್ಮ ಸಮುದಾಯ ಗಮನಿಸಬೇಕಾಗಿದ್ದ ಸಂಗತಿಯೊಂದಿತ್ತು. ವಿವಾದ ಹುಟ್ಟಿದ ಕೂಡಲೇ ಎಲ್ಲರೂ ಹುಡುಕಿದ್ದು ಕಾಗದವನ್ನು. 1932ರ ದೇವಾಲಯದ ಕೈಪಿಡಿಯೊಂದರಲ್ಲಿ ಖಾಜಿಯ ಪಾತ್ರದ ಉಲ್ಲೇಖ ಇದೆ ಎಂಬುದು ರೂಢಿಯ ಪರವಾಗಿದ್ದವರ ಆಧಾರವಾಯಿತು. ಅದೇ ಉಲ್ಲೇಖಕ್ಕೆ ವಿರೋಧಿಸುವವರು ಬೇರೆ ಅರ್ಥ ಹೇಳಿದರು. ದೇವಾಲಯದ ರೂಢಿ ಸಂಪ್ರದಾಯಗಳಲ್ಲಿ ಹಸ್ತಕ್ಷೇಪ ಸಲ್ಲದೆಂಬ ಕಾಯ್ದೆಯ 58ನೇ ಸೆಕ್ಷನ್ ಇಲಾಖೆಗೆ ಆಸರೆಯಾಯಿತು. ಭಾಷಣಗಳು, ಭಾವೈಕ್ಯದ ಕವಿಗೋಷ್ಠಿಗಳು, ಶಾಂತಿಸಭೆಯಲ್ಲಿ ಹಂಚಿದ ಚಹಾ ಬಿಸ್ಕತ್ತು, ಇವಾವುವೂ ಆ ದಿನ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಒಂದು ಹಳೆಯ ಕೈಪಿಡಿಯ ಕೆಲವು ಸಾಲುಗಳು ಮಾತ್ರ.

ಹಾಗಾದರೆ ಈ ರೂಢಿಯ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿಗೆ ಏನು ತಿಳಿದಿತ್ತು? ಖಾಜಿ ಮನೆತನಕ್ಕೆ ಈ ಹಕ್ಕು ಬಂದದ್ದು ಯಾವಾಗ? ಯಾರ ಕಾಲದಲ್ಲಿ? ಅದಕ್ಕೆ ಇನಾಂ ಭೂಮಿ ಇತ್ತೇ? ಮೈಸೂರು ಸಂಸ್ಥಾನದ ಕಡತಗಳಲ್ಲಿ ಇದರ ಸುಳಿವು ಇದೆಯೇ? ಈ ಪ್ರಶ್ನೆಗಳನ್ನಿಟ್ಟುಕೊಂಡು ಪತ್ರಾಗಾರಕ್ಕೆ ಹೋಗಿ ಕುಳಿತ ಮುಸ್ಲಿಮ್ ವಿದ್ಯಾರ್ಥಿಯೊಬ್ಬನನ್ನು ಬೇಲೂರಿನ ಚರ್ಚೆ ನಮ್ಮ ಮುಂದೆ ತಂದು ನಿಲ್ಲಿಸಲಿಲ್ಲ. ನಮ್ಮದೇ ಹಿರಿಯರು ಪಾಲುದಾರರಾಗಿದ್ದ ಒಂದು ಸಂಬಂಧದ ಬಗ್ಗೆ ನಾವು ಹೇಳಬಹುದಾಗಿದ್ದುದು ಇಷ್ಟೇ: “ಇದು ಹಿಂದಿನಿಂದಲೂ ನಡೆದುಬಂದಿದೆ.” ಈ ವಾಕ್ಯ ಸತ್ಯವೇ ಇರಬಹುದು. ಆದರೆ ಅದು ಕಚೇರಿಯ ಮೇಜಿನ ಮೇಲೆ ನಿಲ್ಲುವ ವಾಕ್ಯವಲ್ಲ.

ಸಂಸ್ಕೃತಿ ಸಂಸ್ಕೃತಿಗಳ ನಡುವಣ ಸಂವಾದ ಎಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ವೇದಿಕೆ, ಶಾಲು, ಹಾರ ಮತ್ತು ಮರುದಿನದ ಪತ್ರಿಕೆಯಲ್ಲಿ ಬರುವ ಒಂದು ಭಾವಚಿತ್ರ. ಸ್ವಾಮೀಜಿ, ಪಾದ್ರಿ ಮತ್ತು ಮೌಲವಿ ಕೈ ಕೈ ಹಿಡಿದು ನಿಂತರೆ ಸಂವಾದ ಆಯಿತೆಂದು ನಾವು ತೃಪ್ತರಾಗುತ್ತೇವೆ. ಇದನ್ನು ಹಗುರವಾಗಿ ಕಾಣಬೇಕಿಲ್ಲ. ಊರಿನಲ್ಲಿ ಬಿಸಿ ಏರಿದಾಗ ಅಂತಹ ಒಂದು ಚಿತ್ರವೂ ತಂಪೆರೆಯಬಲ್ಲುದು. ಆದರೆ ಸಂವಾದದ ಬೇರು ಇರುವುದು ಅಧ್ಯಯನದಲ್ಲಿ. ಪಕ್ಕದ ಮನೆಯವನು ಏನನ್ನು ನಂಬುತ್ತಾನೆ, ಯಾಕೆ ನಂಬುತ್ತಾನೆ, ಅವನ ಮತ್ತು ನನ್ನ ಹಿರಿಯರ ನಡುವೆ ಏನೇನು ಕೊಡುಕೊಳು ನಡೆದಿತ್ತು, ಎಲ್ಲಿ ನೋವಾಗಿತ್ತು, ಎಲ್ಲಿ ರಾಜಿಯಾಗಿತ್ತು ಎಂಬುದನ್ನು ಓದಿ, ಕೇಳಿ, ಬರೆದಿಡುವ ಕೆಲಸ ಅದು. ಬರೆದಿಡದ ಸೌಹಾರ್ದವನ್ನು ಒಂದು ಮನವಿ ಪತ್ರ ಅಳಿಸಿ ಹಾಕಬಲ್ಲುದೆಂಬುದೇ ಬೇಲೂರಿನ ಪಾಠ.

ಇಲ್ಲಿ ನಮ್ಮ ಓದುಗರಲ್ಲಿ ಹಲವರು ಎತ್ತಬಹುದಾದ ಪ್ರಶ್ನೆಯೊಂದಿದೆ. ರಥದ ಮುಂದೆ ಕುರ್‌ಆನ್ ಪಠಿಸುವುದು ಸರಿಯೇ? ಏಕದೇವ ವಿಶ್ವಾಸದ ಮೇಲೆ ನಿಂತಿರುವ ಧರ್ಮದ ಗ್ರಂಥವನ್ನು ಉತ್ಸವದ ವಿಧಿಯ ಭಾಗವಾಗಿಸಬಹುದೇ? ಇದು ನ್ಯಾಯವಾದ ಪ್ರಶ್ನೆ. ಇದನ್ನು ಕೇಳುವವರನ್ನು ಸೌಹಾರ್ದ ವಿರೋಧಿಗಳೆಂದು ಕರೆಯುವುದು ಅನ್ಯಾಯ. ಮದ್ರಸದಲ್ಲಿ ಕಲಿತ ನನಗೂ ಈ ಪ್ರಶ್ನೆ ಹೊಸದಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು ಕರ್ಮ ಸರಿಯೋ ತಪ್ಪೋ ಎಂಬುದನ್ನು ವಿದ್ವಾಂಸರು ತೀರ್ಮಾನಿಸಲಿ. ಅದು ನಡೆಯಿತೋ ಇಲ್ಲವೋ, ಯಾಕೆ ನಡೆಯಿತು, ಅದರಿಂದ ಎರಡು ಸಮುದಾಯಗಳ ನಡುವೆ ಯಾವ ಬಗೆಯ ನಂಬಿಕೆ ಬೆಳೆಯಿತು ಎಂಬುದು ಚರಿತ್ರೆಯ ವಿಷಯ. ಫತ್ವಾ ಕೊಡುವುದಕ್ಕೂ ಚರಿತ್ರೆ ಬರೆಯುವುದಕ್ಕೂ ಬೇಕಾದ ಜ್ಞಾನ ಬೇರೆ ಬೇರೆ. ನಾವು ಇವೆರಡನ್ನೂ ಬೆರೆಸಿಬಿಟ್ಟೆವು. ದರ್ಗಾಗಳ ಸುತ್ತ ಬೆಳೆದ ಆಚರಣೆಗಳನ್ನು ವಿರೋಧಿಸುವ ಭರದಲ್ಲಿ ಆ ದರ್ಗಾಗಳಲ್ಲಿದ್ದ ಸನದು, ಫರ್ಮಾನು, ವಂಶಾವಳಿ, ಲೆಕ್ಕದ ಪುಸ್ತಕಗಳ ಕಡೆಗೂ ಬೆನ್ನು ಹಾಕಿದೆವು. ಆಚರಣೆಯನ್ನು ಒಪ್ಪದಿರುವ ಹಕ್ಕು ಸುಧಾರಕನಿಗಿದೆ. ದಾಖಲೆಯನ್ನು ಗೆದ್ದಲಿಗೆ ಒಪ್ಪಿಸುವ ಹಕ್ಕು ಅವನಿಗಿಲ್ಲ.

ಇದರ ಬೆಲೆ ಏನೆಂಬುದನ್ನು ತಿಳಿಯಲು ಬೇಲೂರಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿಯ ವ್ಯಾಜ್ಯ ದಶಕಗಳಿಂದ ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ಅಲೆದಿದೆ. ಅಲ್ಲಿನ ವಾದದ ತಿರುಳು ಯಾವುದು? 1975ಕ್ಕೆ ಮೊದಲು ಆ ಸ್ಥಳದಲ್ಲಿ ಯಾವ ಪದ್ಧತಿ ಇತ್ತು ಎಂಬುದು. ಯಾರು ದೀಪ ಹಚ್ಚುತ್ತಿದ್ದರು, ಯಾರು ತೀರ್ಥ ಕೊಡುತ್ತಿದ್ದರು ಎಂಬ ಸಣ್ಣ ಸಣ್ಣ ವಿವರಗಳು ಉನ್ನತ ನ್ಯಾಯಾಲಯಗಳ ಮುಂದೆ ಮಹತ್ವ ಪಡೆದವು. ಆ ವಿವರಗಳನ್ನು ಬರೆದಿಡುವ ಕೆಲಸ ವ್ಯಾಜ್ಯ ಹುಟ್ಟುವ ಮೊದಲೇ ಸಮಾಧಾನದಿಂದ ನಡೆದಿದ್ದರೆ ಎಷ್ಟು ಕಹಿ ತಪ್ಪುತ್ತಿತ್ತು!

ಬೇಲೂರು ತಾಲೂಕಿನದೇ ಅರೇಹಳ್ಳಿಯನ್ನು ನೋಡಿ. ಕಾಫಿ, ಮೆಣಸುಗಳ ನಡುವಿನ ಒಂದು ಹೋಬಳಿ ಕೇಂದ್ರ. ತೋಟ ಒಬ್ಬರದು, ಕೊಯ್ಲಿಗೆ ಬರುವ ಕೈ ಇನ್ನೊಬ್ಬರದು, ಖರೀದಿಸುವ ವ್ಯಾಪಾರಿ ಮತ್ತೊಬ್ಬರು. ಕನ್ನಡ, ಉರ್ದು, ಬ್ಯಾರಿ, ತುಳು, ಮಲಯಾಳ, ತಮಿಳು ಮಾತುಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕಿವಿಗೆ ಬೀಳುವ ಸೀಮೆ ಇದು. ಈ ಸೀಮೆಯ ಬದುಕನ್ನು ಕಟ್ಟಿದ ಕಾಫಿಯೇ ಒಂದು ವಿನಿಮಯದ ಕತೆ. ಯಮನಿನಿಂದ ಏಳು ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬುದು ಮಲೆನಾಡಿನ ಪ್ರತೀತಿ. ನಾಡಕಚೇರಿಯಲ್ಲಿ ತೋಟದ ಮಾಲೀಕರು ಬರೆಯುವ ‘ಅರ್ಜಿ’, ಕಟ್ಟುವ ‘ಬಾಕಿ’, ಇಡುವ ‘ವಕೀಲ’, ಆಗಬೇಕಾದ ‘ಹಾಜರು’ ಎಲ್ಲವೂ ಅರಬೀ ಮೂಲದ ಪದಗಳು. ‘ಜಮೀನು’, ‘ದಸ್ತಾವೇಜು’ ಪಾರಸಿಯಿಂದ ಬಂದವು. ಅದೇ ರೀತಿ ನಮ್ಮ ಮನೆಗಳ ದಖ್ಖನಿ ಉರ್ದುವಿನಲ್ಲಿ ಎಷ್ಟು ಕನ್ನಡ ಬೆರೆತಿದೆಯೆಂದು ಲಖನೌದಿಂದ ಬಂದ ಅತಿಥಿಯನ್ನು ಕೇಳಿದರೆ ತಿಳಿಯುತ್ತದೆ. ಸಂವಾದ ನಡೆದಿದೆ. ಅದರ ಲೆಕ್ಕ ಬರೆದವರಿಲ್ಲ.

ಹಾಸನ ಜಿಲ್ಲೆಯಲ್ಲೇ ಲೆಕ್ಕ ಬರೆದಿಟ್ಟ ಉದಾಹರಣೆಯೂ ಇದೆ. 1368ರಲ್ಲಿ ವಿಜಯನಗರದ ದೊರೆ ಬುಕ್ಕರಾಯನ ಮುಂದೆ ಜೈನರು ದೂರು ಕೊಂಡೊಯ್ದರು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂಬುದು ಆ ದೂರು. ರಾಜನು ಎರಡೂ ಕಡೆಯ ಮುಖಂಡರನ್ನು ಸೇರಿಸಿದನು. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳ ನಡುವೆ ಭೇದವೆಣಿಸಬಾರದೆಂದು ಸಾರಿದನು. ಇಷ್ಟಕ್ಕೇ ಮುಗಿದಿದ್ದರೆ ಅದೂ ಒಂದು ಭಾವಚಿತ್ರವಾಗಿ ಮರೆತುಹೋಗುತ್ತಿತ್ತು. ಆದರೆ ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಅಲ್ಲಿ ನಮೂದಿಸಲಾಯಿತು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಅದರಿಂದ ಶ್ರವಣಬೆಳಗೊಳಕ್ಕೆ 20 ಮಂದಿ ಕಾವಲುಗಾರರನ್ನು ವೈಷ್ಣವರ ಕಡೆಯಿಂದಲೇ ನೇಮಿಸಬೇಕು. ಉಳಿದ ಹಣದಲ್ಲಿ ಹಾಳಾದ ಜಿನಾಲಯಗಳನ್ನು ದುರಸ್ತಿ ಮಾಡಬೇಕು. ಇದೆಲ್ಲವನ್ನೂ ಕಲ್ಲಿನ ಮೇಲೆ ಕೊರೆಸಲಾಯಿತು. ಆರೂವರೆ ಶತಮಾನಗಳ ಬಳಿಕವೂ ಆ ಕಲ್ಲು ಶ್ರವಣಬೆಳಗೊಳದಲ್ಲಿದೆ, ಅದರಲ್ಲಿನ ಮಾತು ನಮಗೆ ತಿಳಿದಿದೆ. ಹಕ್ಕು ಯಾರದು, ಹಣ ಎಷ್ಟು, ಕಾವಲು ಯಾರದು ಎಂಬ ವಿವರವಿದ್ದುದರಿಂದಲೇ ಅದು ಒಪ್ಪಂದವಾಯಿತು.

ಇನ್ನೊಂದು ಉದಾಹರಣೆ ನೋಡಿ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಸುಲ್ತಾನರು ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ದುಃಖ ವ್ಯಕ್ತಪಡಿಸಿದರು, ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದರು. ಆದರೆ ಈ ಪತ್ರಗಳು ಜಗತ್ತಿಗೆ ತಿಳಿದದ್ದು 1916ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಮಠದಲ್ಲಿ ಆ ಕಟ್ಟನ್ನು ಕಂಡು ಬೆಳಕಿಗೆ ತಂದರು. ಗಮನಿಸಿ, ಪತ್ರಗಳನ್ನು ಕಾಪಾಡಿದ್ದು ಮಠ. ಓದಿ ಹೊರತಂದದ್ದು ಒಬ್ಬ ಬ್ರಾಹ್ಮಣ ವಿದ್ವಾಂಸ. ಇಂದು ಟಿಪ್ಪುವಿನ ಬಗ್ಗೆ ಮಾತು ಬಂದಾಗಲೆಲ್ಲ ನಾವು ಆ ಪತ್ರಗಳನ್ನು ಉಲ್ಲೇಖಿಸುತ್ತೇವೆ. ಆದರೆ ಅಂತಹ ಇನ್ನೊಂದು ಕಟ್ಟನ್ನು ಹುಡುಕಿ ತೆಗೆಯುವ ಯುವಕರನ್ನು ತಯಾರು ಮಾಡುವ ಯೋಚನೆ ನಮಗೆ ಬಂದಿಲ್ಲ.

ಅಧ್ಯಯನವೆಂದರೆ ನಮಗೆ ಹಿತವಾದುದನ್ನು ಮಾತ್ರ ಆಯ್ದುಕೊಳ್ಳುವುದಲ್ಲ. ಹಳೇಬೀಡು ನಮ್ಮ ಮುಂದಿದೆ. 1311ರಲ್ಲಿ ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫುರ್ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದನು, ಅಪಾರ ಸಂಪತ್ತನ್ನು ಕೊಂಡೊಯ್ದನು. ಹೊಯ್ಸಳೇಶ್ವರ ದೇವಾಲಯ ನೋಡಲು ಹೋಗುವ ಯಾವ ಮುಸ್ಲಿಮ್ ಕುಟುಂಬಕ್ಕೂ ಈ ಮಾತು ಕಿವಿಗೆ ಬೀಳದೆ ಇರದು. ತಲೆಗೆ ಸೆರಗು ಹೊದ್ದ ತಾಯಿ, ಟೋಪಿ ಹಾಕಿದ ಹುಡುಗ ಆಗ ಏನು ಮಾಡಬೇಕು? ತಲೆ ತಗ್ಗಿಸಬೇಕೇ? ಅಥವಾ ಅದೆಲ್ಲ ಸುಳ್ಳೆಂದು ವಾದಿಸಬೇಕೇ? ಎರಡೂ ಬೇಕಾಗಿಲ್ಲ. ಅರಸೊತ್ತಿಗೆಯ ದಂಡುಗಳು ಏನು ಮಾಡುತ್ತಿದ್ದವು, ಯಾವುದಕ್ಕಾಗಿ ಮಾಡುತ್ತಿದ್ದವು ಎಂಬುದನ್ನು ಓದಿಕೊಂಡ ಹುಡುಗ ನೇರವಾಗಿ ಹೇಳಬಲ್ಲ: ಅದು ನಡೆಯಿತು, ಅದು ಅನ್ಯಾಯ, ಅದರ ವಾರಸುದಾರ ನಾನಲ್ಲ. ಓದಿಲ್ಲದ ಹುಡುಗನಿಗೆ ಉಳಿಯುವುದು ಅವಮಾನ ಅಥವಾ ಸಿಟ್ಟು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಜಗತ್ತು ನಮ್ಮ ಜಿಲ್ಲೆಗೆ ಬರುತ್ತಿದೆ. ಬಂದವರಿಗೆ ಈ ನಾಡಿನ ಕತೆಯನ್ನು ಹೇಳುವವರ ಸಾಲಿನಲ್ಲಿ ನಮ್ಮ ಮಕ್ಕಳು ಎಷ್ಟಿರಬೇಕೆಂಬುದನ್ನು ನಾವೇ ಯೋಚಿಸಬೇಕು.

ದಂಡು ಬಂದ ಕಾಲದಲ್ಲೇ ವಿದ್ವಾಂಸನೂ ಬರಬಲ್ಲ ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ಅಲ್‌ಬಿರೂನಿ ಇದ್ದಾರೆ. ಘಜ್ನಿಯ ಮಹಮೂದನ ದಾಳಿಗಳ ಕಾಲದಲ್ಲಿ ಅವರು ಸಂಸ್ಕೃತ ಕಲಿತರು, ಪತಂಜಲಿಯ ಯೋಗಸೂತ್ರವನ್ನು ಅರಬಿಗೆ ತಂದರು, ಸುಮಾರು 1030ರಲ್ಲಿ ಭಾರತದ ಕುರಿತ ತಮ್ಮ ಮಹಾಗ್ರಂಥವನ್ನು ಪೂರ್ತಿಗೊಳಿಸಿದರು. ಮಹಮೂದನ ದಾಳಿಗಳು ಹಿಂದೂಗಳ ಮನಸ್ಸಿನಲ್ಲಿ ಮುಸ್ಲಿಮರ ಬಗ್ಗೆ ದ್ವೇಷ ಬೇರೂರುವಂತೆ ಮಾಡಿದುವೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಮದೀನಾದ ಕಾಲಕ್ಕೆ ಹೋದರೆ, ಪ್ರವಾದಿ ಮುಹಮ್ಮದ್(ಸ) ತಮ್ಮ ಲಿಪಿಕಾರ ಝೈದ್ ಬಿನ್ ಸಾಬಿತ್‌ರಿಗೆ(ರ) ಯಹೂದಿಗಳ ಬರಹವನ್ನು ಕಲಿಯಲು ಹೇಳಿದರು, ಅವರು ಅರ್ಧ ತಿಂಗಳಿನಷ್ಟು ಅವಧಿಯಲ್ಲೇ ಅದನ್ನು ಕಲಿತರು ಎಂದು ಹದೀಸ್ ವರದಿಗಳು ತಿಳಿಸುತ್ತವೆ. ನಜ್ರಾನಿನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಮಾತುಕತೆ ನಡೆದದ್ದು ಮಸೀದಿಯಲ್ಲಿ. ಮನುಷ್ಯರನ್ನು ಜನಾಂಗಗಳಾಗಿ ಮಾಡಿದುದರ ಉದ್ದೇಶ ಪರಸ್ಪರ ಅರಿತುಕೊಳ್ಳುವುದೆಂಬ ಆಶಯ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ನೆರೆಯವನ ಲಿಪಿ ಕಲಿಯುವುದನ್ನು ಧರ್ಮದಿಂದ ದೂರ ಸರಿಯುವುದೆಂದು ಭಾವಿಸುವವರು ಈ ಪರಂಪರೆಯನ್ನು ಮರೆತಿದ್ದಾರೆ.

ಕನ್ನಡ ನಾಡಿನಲ್ಲೂ ಈ ದಾರಿಯಲ್ಲಿ ನಡೆದವರಿದ್ದಾರೆ. ಬಿಜಾಪುರದ ಎರಡನೆಯ ಇಬ್ರಾಹಿಮ್ ಆದಿಲ್‌ಶಾಹ ದಖ್ಖನಿಯಲ್ಲಿ ರಚಿಸಿದ ‘ಕಿತಾಬೆ ನೌರಸ್’ ಸರಸ್ವತಿಯನ್ನೂ ಗುಲ್ಬರ್ಗದ ಬಂದೇನವಾಜರನ್ನೂ ಒಟ್ಟಿಗೆ ನೆನೆಯುತ್ತದೆ. ನಮ್ಮ ಕಾಲದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಊರೂರು ಅಲೆದು ಕರ್ನಾಟಕದ ಸೂಫಿಗಳು, ನಾಥಪಂಥ, ಶಾಕ್ತಪಂಥ, ಮೊಹರಂ ಕುರಿತು ಬರೆದರು. ಒಬ್ಬ ಮುಸ್ಲಿಮ್ ವಿದ್ವಾಂಸ ನಾಥರ ಮತ್ತು ಶಾಕ್ತರ ಮಠಗಳ ಅಂಗಳದಲ್ಲಿ ಕುಳಿತು ಕೇಳಿ ಬರೆದದ್ದನ್ನು ಕನ್ನಡದ ಓದುಗರು ಗೌರವದಿಂದ ಓದಿದರು. ಅರೇಹಳ್ಳಿಗೆ ನೆರೆಯ ಸಕಲೇಶಪುರದ ಎಸ್.ಕೆ. ಕರೀಂಖಾನರು ಜನಪದ ಹಾಡುಗಳನ್ನು ಹುಡುಕುತ್ತ ಹಳ್ಳಿಗಳನ್ನು ಸುತ್ತಿ ‘ಜಾನಪದ ಜಂಗಮ’ ಎನಿಸಿಕೊಂಡರು. 2006ರಲ್ಲಿ ಅವರು ತೀರಿಕೊಂಡಾಗ ಕನ್ನಡ ನಾಡು ತನ್ನವನೊಬ್ಬನನ್ನು ಕಳಕೊಂಡಂತೆ ದುಃಖಿಸಿತು. ಹಾಸನದ ಬಾನು ಮುಷ್ತಾಕ್‌ರ ಕತೆಗಳನ್ನು ಕೊಡಗಿನ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಆ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಕತೆಗಳ ಎಲ್ಲ ನಿಲುವುಗಳನ್ನು ನಮ್ಮ ಓದುಗರೆಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಹಾಸನದ ಮುಸ್ಲಿಮ್ ಮನೆಯ ಒಳಕೋಣೆಯ ಮಾತು ಕನ್ನಡದಲ್ಲಿ ಬರೆಯಲ್ಪಟ್ಟುದರಿಂದ, ಇನ್ನೊಂದು ಸಮುದಾಯದ ಹೆಣ್ಣು ಮಗಳು ಅದನ್ನು ಅನುವಾದಿಸಿದುದರಿಂದ ಲಂಡನ್ನಿನವರೆಗೂ ತಲುಪಿತು ಎಂಬುದನ್ನು ಅಲ್ಲಗಳೆಯಲಾಗದು. ಅದೇ ವರ್ಷ ಅವರು ಮೈಸೂರು ದಸರಾ ಉದ್ಘಾಟಿಸುವುದಕ್ಕೆ ಆಕ್ಷೇಪ ಬಂದಾಗ ಉಚ್ಚ ನ್ಯಾಯಾಲಯವೂ ಸುಪ್ರೀಂ ಕೋರ್ಟೂ ಆಕ್ಷೇಪಣೆಯನ್ನು ತಳ್ಳಿಹಾಕಿದವು.

ಇವರೆಲ್ಲ ತಮ್ಮ ಸ್ವಂತ ಬಲದಿಂದ ಬಂದವರು. ಸಮುದಾಯ ಯೋಜನೆ ಹಾಕಿ ಬೆಳೆಸಿದವರಲ್ಲ. ಈಗ ಅವಕಾಶಗಳ ಮಾತಿಗೆ ಬರೋಣ.

ಮದ್ರಸದಲ್ಲಿ ಆಲಿಮ್ ಪದವಿ ಮುಗಿಸಿದವನ ಮುಂದೆ ಇಮಾಮತ್ ಅಥವಾ ಅಧ್ಯಾಪಕ ವೃತ್ತಿ ಬಿಟ್ಟರೆ ಬೇರೆ ದಾರಿ ಇಲ್ಲವೆಂಬ ಭಾವನೆ ನಮ್ಮ ಪಟ್ಟಣಗಳಲ್ಲಿ ಇನ್ನೂ ಇದೆ. ಇದು ಸರಿಯಲ್ಲ. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯವು 2013ರಲ್ಲಿ ಮದ್ರಸ ಪದವೀಧರರಿಗಾಗಿಯೇ ಬ್ರಿಡ್ಜ್ ಕೋರ್ಸ್ ಆರಂಭಿಸಿತು. ಅದರ ಮೂಲಕ ಹಲವರು ಕಾನೂನು, ಸಮಾಜ ವಿಜ್ಞಾನ, ಇಂಗ್ಲಿಷ್ ವಿಭಾಗಗಳಿಗೆ ದಾಟಿದರು. ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯ ಮತ್ತು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹಲವು ಮದ್ರಸಗಳ ಪ್ರಮಾಣಪತ್ರವನ್ನು ಪ್ರವೇಶಕ್ಕೆ ಮಾನ್ಯ ಮಾಡಿವೆ. ಅಮೆರಿಕದ ನೋಟರ್ ಡೇಮ್ ಒಂದು ಕೆಥೊಲಿಕ್ ವಿಶ್ವವಿದ್ಯಾನಿಲಯ. ಅಲ್ಲಿನ ಪ್ರಾಧ್ಯಾಪಕ ಇಬ್ರಾಹೀಮ್ ಮೂಸಾ ಸ್ವತಃ ದೇವಬಂದ್ ಮತ್ತು ನದ್ವಾದಲ್ಲಿ ಕಲಿತವರು. ಅವರ ನೇತೃತ್ವದಲ್ಲಿ 2017ರಲ್ಲಿ ತೊಡಗಿದ ‘ಮದ್ರಸ ಡಿಸ್ಕೋರ್ಸಸ್’ ಕಾರ್ಯಕ್ರಮವು ಭಾರತ ಮತ್ತು ಪಾಕಿಸ್ತಾನದ ಯುವ ಆಲಿಮ್‌ಗಳನ್ನು ವಿಜ್ಞಾನ, ತತ್ವಶಾಸ್ತ್ರ, ಚರಿತ್ರೆಗಳ ಚರ್ಚೆಗೆ ಒಳಗೊಳಿಸಿತು. ನೇಪಾಳದಲ್ಲಿ ಅವರು ಅಮೆರಿಕದ ವಿದ್ಯಾರ್ಥಿಗಳೊಂದಿಗೆ ವಾರಗಟ್ಟಲೆ ಒಟ್ಟಿಗೆ ಕುಳಿತು ಓದಿದರು. ಇದು ವಿನಿಮಯ. ಇಲ್ಲಿ ಯಾರೂ ತಮ್ಮ ವಿಶ್ವಾಸವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿರಲಿಲ್ಲ.

ಹೈದರಾಬಾದಿನ ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟಿನ ಚರಿತ್ರೆಯೂ ತಿಳಿಯತಕ್ಕದ್ದು. 1930ರಲ್ಲಿ ಲಾಹೋರಿನಲ್ಲಿ ಅದು ಹುಟ್ಟಿದ್ದು ಮುಸ್ಲಿಮರ ನಡುವೆ ಕ್ರೈಸ್ತ ಧರ್ಮ ಪ್ರಚಾರಕ್ಕೆ ಪಾದ್ರಿಗಳನ್ನು ತಯಾರು ಮಾಡುವುದಕ್ಕಾಗಿ. ಇಸ್ಲಾಮನ್ನು ಓದುತ್ತ ಓದುತ್ತ ಆ ಸಂಸ್ಥೆಯೇ ಬದಲಾಯಿತು. ಇಂದು ಅದು ಧರ್ಮಗಳ ನಡುವಣ ಸಂಬಂಧ ಮತ್ತು ಶಾಂತಿ ಕಾರ್ಯದ ಅಧ್ಯಯನ ಕೇಂದ್ರ. ಇನ್ನೊಬ್ಬರನ್ನು ಪ್ರಾಮಾಣಿಕವಾಗಿ ಓದಿದವರು ಓದುವ ಮೊದಲು ಇದ್ದಂತೆ ಉಳಿಯುವುದಿಲ್ಲ.

ಮುಚ್ಚಿದ ಬಾಗಿಲುಗಳ ಬಗ್ಗೆಯೂ ಹೇಳಬೇಕು. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022–23ರಿಂದ ನಿಲ್ಲಿಸಿರುವುದಾಗಿ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳ ಜೊತೆ ಅತಿವ್ಯಾಪ್ತಿಯಾಗುತ್ತಿದೆ ಎಂಬುದು ನೀಡಿದ ಕಾರಣ. ಮೊದಲ ತಲೆಮಾರಿನಲ್ಲಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಬಡ ಹುಡುಗಿಗೆ ಈ ಕಾರಣ ಅರ್ಥವಾಗದು. ಇದನ್ನು ಪ್ರಶ್ನಿಸುತ್ತಲೇ ಇರಬೇಕು. ಅತ್ತ ವಿಶ್ವಸಂಸ್ಥೆಯು 2013ರಿಂದ 2022ರ ವರೆಗಿನ ಹತ್ತು ವರ್ಷಗಳನ್ನು ಸಂಸ್ಕೃತಿಗಳ ಸಾಮೀಪ್ಯದ ಅಂತರರಾಷ್ಟ್ರೀಯ ದಶಕವೆಂದು ಘೋಷಿಸಿತ್ತು. ಆ ದಶಕ ಬಂದದ್ದೂ ಹೋದದ್ದೂ ನಮ್ಮ ಪಟ್ಟಣಗಳಿಗೆ ತಿಳಿಯಲಿಲ್ಲ. ಅದೇ ದಶಕದ ಕೊನೆಯ ವರ್ಷದಲ್ಲಿ ಕರ್ನಾಟಕದಲ್ಲಿ ಜಾತ್ರೆಗಳಿಂದ ಮುಸ್ಲಿಮ್ ವ್ಯಾಪಾರಿಗಳನ್ನು ಹೊರಗಿಡುವ ಕರೆಗಳು ಕೇಳಿಬಂದವು.

“ಅಂಗಡಿ ಹಾಕಲೇ ಬಿಡದವರೊಂದಿಗೆ ಎಂತಹ ಸಂವಾದ?” ಎಂದು ಕೇಳುವವರ ನೋವು ನಿಜ. ಆದರೆ ಆ ಪ್ರಕರಣವನ್ನೇ ಸೂಕ್ಷ್ಮವಾಗಿ ನೋಡಿ. ವ್ಯಾಪಾರಿಗಳನ್ನು ಹೊರಗಿಡುವುದಕ್ಕೆ ಆಧಾರವಾಗಿ ತೋರಿಸಿದ್ದು ಧಾರ್ಮಿಕ ದತ್ತಿ ಕಾನೂನಿನ 2002ರ ನಿಯಮಗಳಲ್ಲಿನ ಒಂದು ಉಪನಿಯಮವನ್ನು. ದೇವಾಲಯದ ಬಳಿಯ ಆಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂದು ಅದು ಹೇಳುತ್ತದೆ. ಒಂದು ತಿಂಗಳು ಕಳೆಯುವುದರೊಳಗೆ ಬೇಲೂರಿನಲ್ಲಿ ಖಾಜಿಯವರ ರೂಢಿಗೆ ರಕ್ಷಣೆ ಕೊಟ್ಟದ್ದೂ ಅದೇ ದತ್ತಿ ಕಾನೂನು. ಒಂದು ಉಪನಿಯಮದಿಂದ ಬಾಗಿಲು ಮುಚ್ಚಿತು, ಇನ್ನೊಂದು ಸೆಕ್ಷನ್‌ನಿಂದ ತೆರೆಯಿತು. ವ್ಯತ್ಯಾಸ ಎಲ್ಲಿದೆ? ಬೇಲೂರಿನಲ್ಲಿ ರೂಢಿಗೆ ಒಂದು ಲಿಖಿತ ಆಧಾರವಿತ್ತು. ಜಾತ್ರೆಯಲ್ಲಿ ನಾಲ್ಕು ತಲೆಮಾರುಗಳಿಂದ ಬಳೆ, ಬತ್ತಾಸು, ಆಟಿಕೆ ಮಾರುತ್ತ 2022ರಲ್ಲಿ ಬೀದಿಗೆ ಬಿದ್ದ ಮನೆತನಗಳಿಗೆ ಅಂತಹ ಲಿಖಿತ ಆಧಾರ ಇರಲಿಲ್ಲ. ಸುಂಕ ಕಟ್ಟಿದ ಹಳೆಯ ರಶೀದಿಯೊಂದು ಪೆಟ್ಟಿಗೆಯ ತಳದಲ್ಲಿದ್ದಿದ್ದರೂ ಕನಿಷ್ಠ ವಾದಕ್ಕೆ ನಿಲ್ಲುವಷ್ಟು ನೆಲ ಸಿಗುತ್ತಿತ್ತು. ಆದ್ದರಿಂದ ಸಂಶೋಧನೆಯು ಹೊಟ್ಟೆ ತುಂಬಿದವರ ಹವ್ಯಾಸವಲ್ಲ. ಅದು ಬಳೆಗಾರನ ತುತ್ತಿನ ಪ್ರಶ್ನೆ ಕೂಡಾ.

ಹಾಗಾದರೆ ಅರೇಹಳ್ಳಿಯಂತಹ ಪಟ್ಟಣದ ಜಮಾಅತ್ ಏನು ಮಾಡಬಹುದು? ದೊಡ್ಡ ಸಂಸ್ಥೆ ಕಟ್ಟುವುದು ಬೇಕಾಗಿಲ್ಲ. ಮೊದಲನೆಯದಾಗಿ, ಮಸೀದಿಯ ಹಳೆಯ ದಫ್ತರಗಳು, ನಿಕಾಹ್ ಪುಸ್ತಕಗಳು, ವಕ್ಫ್ ಪತ್ರಗಳು, ಮನೆಗಳಲ್ಲಿರುವ ಹಳೆಯ ಲೆಕ್ಕದ ಪುಸ್ತಕಗಳನ್ನು ಒಂದು ಕಡೆ ಪಟ್ಟಿ ಮಾಡಿ ಚಿತ್ರ ತೆಗೆದಿಡಬೇಕು. ಕೈಯಲ್ಲಿರುವ ಮೊಬೈಲ್ ಫೋನು ಇದಕ್ಕೆ ಸಾಕು. ಎರಡನೆಯದಾಗಿ, ಎಂಬತ್ತು ದಾಟಿದ ಹಿರಿಯರನ್ನು ಮಾತನಾಡಿಸಿ ದಾಖಲಿಸಬೇಕು. ಮುಸ್ಲಿಮ್ ಹಿರಿಯರನ್ನು ಮಾತ್ರವಲ್ಲ, ಗೌಡರ ಮನೆಯ ಅಜ್ಜಿಯನ್ನೂ, ಕೂಲಿ ಲೈನಿನ ಅಜ್ಜನನ್ನೂ, ಅರ್ಚಕರನ್ನೂ. ಈ ಕೆಲಸಕ್ಕೆ ನಮ್ಮ ಕಾಲೇಜು ವಿದ್ಯಾರ್ಥಿನಿಯರಿಗಿಂತ ತಕ್ಕವರಿಲ್ಲ. ಮನೆಯ ಒಳಗಿನ ಚರಿತ್ರೆ ತೆರೆದುಕೊಳ್ಳುವುದು ಅವರ ಮುಂದೆಯೇ. ಮೂರನೆಯದಾಗಿ, ವರ್ಷಕ್ಕೊಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಯನ್ನು ಚರಿತ್ರೆ, ಶಾಸನಶಾಸ್ತ್ರ, ಹಳಗನ್ನಡ ಅಥವಾ ಸಂಸ್ಕೃತದ ಉನ್ನತ ಅಧ್ಯಯನಕ್ಕೆ ಜಮಾಅತ್ತಿನ ಖರ್ಚಿನಲ್ಲಿ ಕಳುಹಿಸಬೇಕು. ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ನೆರವು ನೀಡುವ ದಾನಿಗಳು ಬಿ.ಎ. ಓದುವವನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಕಲಾ ಪದವಿ ಓದಿದ ನನಗೆ ಇದು ಕೇಳಿ ತಿಳಿದ ಮಾತಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ನಮ್ಮ ಮದ್ರಸ ವಿದ್ಯಾರ್ಥಿಗೆ ಅರಬಿ ಬರುತ್ತದೆ, ಉರ್ದು ಬರುತ್ತದೆ, ಅಲ್ಪಸ್ವಲ್ಪ ಪಾರಸಿಯೂ ಬರುತ್ತದೆ. ಕರ್ನಾಟಕದ ಚರಿತ್ರೆಯ ಎಷ್ಟೋ ಮೂಲಗಳು ಪಾರಸಿಯಲ್ಲಿವೆ. ಅವುಗಳನ್ನು ಓದಬಲ್ಲ ಕನ್ನಡಿಗರು ತೀರಾ ವಿರಳ. ಇನ್ನೊಂದು ಕಡೆ ಬಿ.ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅದರ ಪರಿಷ್ಕೃತ ಸಂಪುಟಗಳನ್ನು ಹೊರತಂದಿದೆ. ಪಾರಸಿ ಬಲ್ಲ ಮದ್ರಸ ವಿದ್ಯಾರ್ಥಿ ಹಳಗನ್ನಡವನ್ನೂ ಕಲಿತನೆಂದರೆ ಅವನಿಗೆ ಸಮಾನರಾದವರು ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ ಇರಬಹುದು. ನಮ್ಮ ಕೊರತೆಯೆಂದು ಸಮಾಜ ಎಣಿಸಿದ ಶಿಕ್ಷಣವೇ ನಮ್ಮ ಬಂಡವಾಳವಾಗಬಲ್ಲುದು. ಅದಕ್ಕೆ ಬೇಕಾಗಿರುವುದು ಕನ್ನಡ. ಮದ್ರಸಗಳಲ್ಲಿ ಕನ್ನಡವನ್ನು ಹೆಸರಿಗೆ ಮಾತ್ರ ಕಲಿಸುವುದನ್ನು ಬಿಟ್ಟು, ಓದಿ ಬರೆಯುವ ವಿದ್ವತ್ತಿನ ಭಾಷೆಯಾಗಿ ಕಲಿಸಬೇಕು.

ವಿನಿಮಯವೆಂದರೆ ಎರಡು ಕಡೆಯ ಬಾಗಿಲು. ನಾವು ಅವರ ಶಾಸನ ಓದಲು ಹೊರಟರೆ ಸಾಲದು. ನಮ್ಮ ದಫ್ತರಗಳನ್ನು ಓದಲು ಬರುವ ಹಿಂದೂ, ಜೈನ, ಕ್ರೈಸ್ತ ವಿದ್ಯಾರ್ಥಿಗೆ ಮಸೀದಿಯ ಕಚೇರಿಯಲ್ಲಿ ಕುರ್ಚಿ ಹಾಕಿಕೊಡುವ ಮನಸ್ಸೂ ಬೇಕು. ಅವನು ನಮಗೆ ಹಿತವಲ್ಲದ ಸಂಗತಿಯನ್ನೂ ಅದರಲ್ಲಿ ಕಾಣಬಹುದು, ಬರೆಯಬಹುದು. ಅದಕ್ಕೆ ಉತ್ತರವನ್ನು ಬರಹದಲ್ಲೇ ಕೊಡಬೇಕು. ಬಾಗಿಲು ಹಾಕುವುದು ಉತ್ತರವಲ್ಲ. ನಮ್ಮ ಮಗಳು ಬೇಲೂರಿನ ದೇವಾಲಯದ ಶಾಸನಗಳ ಮುಂದೆ ನಿಂತು ಓದುವ ದಿನ, ಅರ್ಚಕರ ಮಗ ದೊಡ್ಡಮೇದೂರಿನ ಖಾಜಿ ಮನೆತನದ ಕಾಗದಗಳನ್ನು ಬಿಡಿಸಿ ನೋಡುವ ದಿನ ರೂಢಿಯ ಬಗೆಗಿನ ಜಗಳ ಇಲ್ಲವಾಗುತ್ತದೆಂದು ಹೇಳಲಾರೆ. ಆದರೆ ಜಗಳಕ್ಕೆ ಒಂದು ಮೇಜು ಸಿಗುತ್ತದೆ, ಮೇಜಿನ ಮೇಲೆ ಕಾಗದವಿರುತ್ತದೆ, ಎರಡೂ ಕಡೆ ಓದಬಲ್ಲವರು ಕುಳಿತಿರುತ್ತಾರೆ.

ಜೂನ್ ತಿಂಗಳಲ್ಲಿ ಕಾಲೇಜುಗಳ ಪ್ರವೇಶ ನಡೆಯುವಾಗ ಪ್ರತಿ ಪಟ್ಟಣದ ಜಮಾಅತ್ತು ತನ್ನ ಸಭೆಯಲ್ಲಿ ಒಂದು ನಿರ್ಣಯ ಬರೆಯಲಿ: ಈ ವರ್ಷ ಚರಿತ್ರೆ ಓದಲು ನಾವು ಒಬ್ಬರನ್ನು ಕಳುಹಿಸುತ್ತೇವೆ. ಹೆಸರು, ಮೊತ್ತ ಮತ್ತು ಅವಧಿಯನ್ನು ಆ ನಿರ್ಣಯದಲ್ಲಿ ನಮೂದಿಸಲಿ. ಬುಕ್ಕರಾಯನ ಕಲ್ಲಿನಲ್ಲಿ ಮನೆಗೊಂದು ಹಣವೆಂದು ಕೊರೆದಂತೆ ನಮ್ಮ ನಿರ್ಣಯದಲ್ಲೂ ಮನೆಗೆಷ್ಟು ಎಂಬುದಿರಲಿ.